ಪೊಲೀಸರು ಕೇಳಿದರೆ ಮೊಬೈಲ್ ಲಾಕ್ ತೆಗೆದು ಕೊಡಬೇಕೇ?

"ಸಾಹೇಬ್ರು ಮೊಬೈಲ್ ತೋರ್ಸು ಅಂದ್ರ ಲಾಕ್ ತಗದು ಕೊಡಬೇಕೇನ್ರಿ?" ಕಲಬುರಗಿಯ ಕೋರ್ಟ್ ಆವರಣದಲ್ಲಾಗಲಿ, ಬೀದರ್, ಯಾದಗಿರಿ ಕಡೆಯಿಂದ ಬರುವ ಫೋನಿನಲ್ಲಾಗಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು.

ಫೋನ್ ಬೇರೆ, ಲಾಕ್ ಬೇರೆ. ಅಪರಾಧಕ್ಕೆ ಸಂಬಂಧವಿದೆ ಎಂಬ ಅನುಮಾನವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 106ನೇ ಕಲಮಿನಡಿ ಪೊಲೀಸರು ಫೋನನ್ನು ಜಪ್ತಿ ಮಾಡಬಹುದು. ಒಳಗೆ ಏನಿದೆ ಎಂದು ನೋಡುವುದು ಬೇರೆಯೇ ಮಾತು. ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಇದನ್ನು ಬಿಡಿಸಿ ಹೇಳಿದೆ: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ನೀವು ಒಪ್ಪಿ ಕೊಟ್ಟರೆ ನೋಡಬಹುದು, ಒಪ್ಪದಿದ್ದರೆ ಕೋರ್ಟಿಗೆ ಹೋಗಿ ಶೋಧನಾ ವಾರಂಟ್ ತರಬೇಕು. ತೀರಾ ತುರ್ತು ಇದ್ದಾಗ ಮಾತ್ರ ವಾರಂಟ್ ಇಲ್ಲದೆ ನಡೆಯುತ್ತದೆ, ಆಗಲೂ ಕಾರಣವನ್ನು ಬರೆದಿಡಬೇಕು.

ಅಂದರೆ ಬಾಗಿಲು ತೆರೆಯುವುದು ಬಹುಪಾಲು ನಮ್ಮ ಒಪ್ಪಿಗೆಯೇ. ಠಾಣೆಯಲ್ಲಿ ಹೆದರಿ ಹೆಬ್ಬೆರಳು ಒತ್ತಿದ್ದು ಆಮೇಲೆ ಕಾಗದದಲ್ಲಿ "ಸ್ವಇಚ್ಛೆಯಿಂದ ತೋರಿಸಿದ" ಎಂದಾಗುತ್ತದೆ. ಆದ್ದರಿಂದ ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ: "ಸಾಹೇಬ್ರೆ, ಜಪ್ತಿ ಮಾಡೋದಾದರೆ ಮಾಡಿ, ಪಂಚನಾಮೆ ಕೊಡಿ. ಲಾಕ್ ತೆಗೆಯೋದಕ್ಕೆ ಕೋರ್ಟ್ ಆದೇಶ ಬರಲಿ." ಕೂಗಾಡಬೇಡಿ, ಫೋನ್ ಕಸಿದುಕೊಳ್ಳಬೇಡಿ, ಕರ್ತವ್ಯಕ್ಕೆ ಅಡ್ಡಿ ಎಂಬ ಇನ್ನೊಂದು ಕೇಸಿಗೆ ದಾರಿಯಾಗುತ್ತದೆ.

ಕೋರ್ಟ್ ಆದೇಶ ಬಂದ ಮೇಲೂ ಪಾಸ್‌ವರ್ಡ್ ಹೇಳದಿದ್ದರೆ ಕೋರ್ಟ್ ನಿಮ್ಮ ವಿರುದ್ಧ ಊಹೆ ಮಾಡಿಕೊಳ್ಳಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಈ ಭಾಗ ನನಗೆ ಒಪ್ಪಿಗೆಯಿಲ್ಲ. ಮಂಪರು ಪರೀಕ್ಷೆಯ ಕುರಿತ ಸೆಲ್ವಿ ಪ್ರಕರಣದಲ್ಲಿ (ಅದೂ ಕರ್ನಾಟಕದ್ದೇ, 2010) ಮನಸ್ಸಿನಲ್ಲಿರುವುದನ್ನು ಬಲವಂತದಿಂದ ಹೊರಗೆಳೆಯುವುದು ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಪಾಸ್‌ವರ್ಡ್ ಇರುವುದೂ ಮನಸ್ಸಿನಲ್ಲಿಯೇ.

ಇನ್ನು ರಸ್ತೆಯಲ್ಲಿ ಗಾಡಿ ನಿಲ್ಲಿಸಿ "ವಾಟ್ಸಾಪ್ ತೆಗಿ" ಎನ್ನುವುದು. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಗಾಂಜಾ ಹುಡುಕುವ ಹೆಸರಿನಲ್ಲಿ ಪೊಲೀಸರು ದಾರಿಹೋಕರ ಚಾಟ್ ಓದುವ ವಿಡಿಯೊಗಳನ್ನು ಎಲ್ಲರೂ ನೋಡಿದ್ದಾರೆ. ನಮ್ಮ ಭಾಗದ ಹುಡುಗರು ದುಡಿಯಲು ಹೋಗುವುದು ಅದೇ ಊರಿಗೆ. ಯಾವುದೇ ಪ್ರಕರಣ, ನಿರ್ದಿಷ್ಟ ಅನುಮಾನ ಇಲ್ಲದೆ ಸಿಕ್ಕಸಿಕ್ಕವರ ಫೋನ್ ಓದುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. ಒಂದು ಸಂಖ್ಯೆಯ ಕರೆ ಕದ್ದಾಲಿಸಬೇಕಾದರೆ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದು 60 ದಿನಕ್ಕೆ ಮಾತ್ರ, ವಿಸ್ತರಿಸಿದರೂ 180 ದಿನ ಮೀರುವಂತಿಲ್ಲ, ಮೇಲೆ ಪರಿಶೀಲನಾ ಸಮಿತಿ. ಕದ್ದಾಲಿಕೆಯ ಆರೋಪ ಬಂದಾಗ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟರು. ಹತ್ತು ವರ್ಷದ ಮಾತುಕತೆ, ಫೋಟೊ, ಬ್ಯಾಂಕು, ಆಸ್ಪತ್ರೆಯ ಚೀಟಿ ಎಲ್ಲ ಇರುವ ಫೋನನ್ನು ಮಾತ್ರ ಒಬ್ಬ ಪೇದೆಯ ಬಾಯಿಮಾತಿಗೆ ತೆರೆದು ಕೊಡುತ್ತೇವೆ.

ಜಪ್ತಿ ಆಗಿಯೇ ಹೋಯಿತು ಎನ್ನಿ. ಕೆಲಸ ಕೆಡುವುದು ಹೆಚ್ಚಾಗಿ ಪಂಚನಾಮೆಯಲ್ಲಿ. "ಕಪ್ಪು ಬಣ್ಣದ ಒಂದು ಮೊಬೈಲ್" ಎಂದಷ್ಟೇ ಬರೆದಿದ್ದರೆ, ನಾಳೆ ಕೋರ್ಟಿನಲ್ಲಿ ಅದು ನಿಮ್ಮದೇ ಎಂದು ತೋರಿಸುವುದೂ ಕಷ್ಟ, ಒಳಗಿನ ಕಡತ ಆಗಲೇ ಇತ್ತೋ ಆಮೇಲೆ ಬಂತೋ ಎನ್ನುವುದೂ ಕಷ್ಟ. ಕಂಪನಿ, ಮಾದರಿ, 15 ಅಂಕಿಯ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ (ಎರಡು ಸಿಮ್ಮಿನ ಫೋನಾದರೆ ಎರಡೂ), ಸಿಮ್ ಸಂಖ್ಯೆ, ಮೆಮೊರಿ ಕಾರ್ಡ್, ಫೋನ್ ಆನ್ ಇತ್ತೋ ಆಫ್ ಇತ್ತೋ, ಎಷ್ಟು ಗಂಟೆಗೆ, ಎಲ್ಲಿ, ಮೊಹರು ಹಾಕಿದರೋ ಇಲ್ಲವೋ, ಇಷ್ಟೂ ಇರಬೇಕು. ಐಎಂಇಐ ಗೊತ್ತಾಗಲು ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ. ಇವತ್ತೇ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ. ಜೊತೆಗೆ ವಕೀಲರ ಮತ್ತು ಮನೆಯವರ ಸಂಖ್ಯೆಗಳನ್ನೂ ಬರೆಯಿರಿ, ಏಕೆಂದರೆ ಫೋನ್ ಹೋದ ಮೇಲೆ ಯಾರ ಸಂಖ್ಯೆಯೂ ನೆನಪಿರುವುದಿಲ್ಲ.

ಮನೆ ಶೋಧಿಸಿ ಫೋನ್ ಒಯ್ಯುವುದಾದರೆ ಊರಿನ ಇಬ್ಬರು ಸ್ವತಂತ್ರ ಪಂಚರು ಇರಬೇಕು, ಪಟ್ಟಿಯ ಪ್ರತಿ ನಿಮ್ಮ ಕೈಗೆ ಬರಬೇಕು. ಅದೇ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. "ವಿಡಿಯೊ ಆಗ್ತಿದೆಯಾ ಸರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಹೈದರಾಬಾದಿನಲ್ಲಿ ತೆಲುಗು ಕಾಗದ, ಸೊಲ್ಲಾಪುರದಲ್ಲಿ ಮರಾಠಿ ಕಾಗದ ಮುಂದಿಟ್ಟರೆ, ಓದಿ ಹೇಳಿಸಿಕೊಳ್ಳದೆ ಹೆಬ್ಬೆಟ್ಟೂ ಬೇಡ.

ಒಂದು ತಪ್ಪನ್ನಂತೂ ಮಾಡಬೇಡಿ: ಜಪ್ತಿಯಾದ ಫೋನಿನಲ್ಲಿರುವುದನ್ನು ಮನೆಯಲ್ಲೇ ಕೂತು ಇನ್ನೊಂದು ಸಾಧನದಿಂದ ಅಳಿಸಿ ಹಾಕುವುದು. ಒಳಗೆ ಏನೂ ಇಲ್ಲದಿದ್ದರೂ ಸಾಕ್ಷ್ಯ ನಾಶದ ಆರೋಪ ಬರುತ್ತದೆ, ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾನೂನು) 241ನೇ ಕಲಮಿನಲ್ಲಿ 3 ವರ್ಷದವರೆಗೆ ಸಜೆ ಇದೆ. ಬ್ಯಾಂಕ್ ಕೆಲಸಕ್ಕೆ ಅದೇ ಸಂಖ್ಯೆಯ ಹೊಸ ಸಿಮ್ ಬೇಕಾದರೆ, ತನಿಖಾಧಿಕಾರಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ಪಡೆದು ಆಮೇಲೆ ತೆಗೆದುಕೊಳ್ಳಿ.

"ತಪ್ಪು ಮಾಡಿಲ್ಲ ಅಂದ್ರ ಹೆದರಿಕಿ ಯಾಕ?" ಎಂದು ಹಿರಿಯರು ಕೇಳುತ್ತಾರೆ. ಫೋನಿನಲ್ಲಿರುವುದು ನಿಮ್ಮ ಒಬ್ಬರ ಬದುಕಲ್ಲ. ಸೊಸೆಯ ವೈದ್ಯರ ಚೀಟಿ, ಸಂಘದ ಹೆಣ್ಣುಮಕ್ಕಳ ಸಾಲದ ಲೆಕ್ಕ, ಗೆಳೆಯನ ಗುಟ್ಟು ಎಲ್ಲ ಅಲ್ಲಿವೆ, ಅವರ್‍ಯಾರೂ ನಿಮಗೆ ಅನುಮತಿ ಕೊಟ್ಟಿಲ್ಲ. ತಪ್ಪು ಯಾವುದು ಎಂದು ನಿರ್ಧರಿಸುವುದೂ ನೀವಲ್ಲ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳ ನಾಟಕ ರಾಜದ್ರೋಹದ ಕೇಸಾಯಿತು. ಶಿಕ್ಷಕಿಯೊಬ್ಬರು, ತಾಯಿಯೊಬ್ಬರು ಜೈಲಿಗೆ ಹೋದರು. ಹೈಕೋರ್ಟಿನ ಕಲಬುರಗಿ ಪೀಠ ಅದನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ನಿಜಾಮರ ಕಾಲದಲ್ಲಿ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯಿಂದಾಗಿ ಸಭೆ ಸೇರಲಿಕ್ಕೂ ಮೊದಲೇ ಪರವಾನಗಿ ಬೇಕಿತ್ತು. ಅಂಥ ನೆಲದ ಮಕ್ಕಳು ನಾವು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ತೀರ್ಪಿತ್ತ ಅರ್ಜಿಯನ್ನು ಹಾಕಿದವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಾಕ್ಷಿಯಾಗಿ ಕರೆದಿದ್ದರೆ ಸುರಕ್ಷಾ ಸಂಹಿತೆಯ 179ನೇ ಕಲಮಿನ ಲಿಖಿತ ನೋಟಿಸ್ ಕೇಳಿ. ಹೆಂಗಸರನ್ನು, 60 ದಾಟಿದ ಗಂಡಸರನ್ನು, 15ಕ್ಕಿಂತ ಚಿಕ್ಕ ಹುಡುಗರನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವ ಮನೆಗೇ ಬರಬೇಕು. ಸಾಕ್ಷಿಯ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ.

ಫೋನ್ ವಾಪಸ್ ಪಡೆಯಲು ಠಾಣೆಗೆ ಅಲೆಯುವುದು ವ್ಯರ್ಥ. ಜಪ್ತಿ ಮಾಡಿದ ಠಾಣೆ ಯಾವ ಮ್ಯಾಜಿಸ್ಟ್ರೇಟರ ವ್ಯಾಪ್ತಿಗೆ ಬರುತ್ತದೋ ಆ ಕೋರ್ಟಿನಲ್ಲಿ ಅದೇ ಸಂಹಿತೆಯ 503ನೇ ಕಲಮಿನಡಿ ಅರ್ಜಿ ಹಾಕಿ. ವಿಚಾರಣೆ ನಡೆಯುತ್ತಿದ್ದರೆ 497. ಜೊತೆಗೆ ಖರೀದಿ ಬಿಲ್ಲು, ಐಎಂಇಐ ಬರೆದ ಹಾಳೆ, ಪಂಚನಾಮೆಯ ಪ್ರತಿ, ಆಧಾರ್. ಬಿಲ್ಲು ಇಲ್ಲದಿದ್ದರೆ ಡಬ್ಬಿಯ ಮೇಲಿನ ಚೀಟಿಯೂ ನಡೆಯಬಹುದು, ಎಸೆಯಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.