ದಿನಾಂಕವಿಲ್ಲದ ಹಬ್ಬಕ್ಕೆ ಮೆರ್ಟ್ಸೆನ್: ಇಲ್ಲಿಯವರೆಗಿನ ಕೆಲಸ

ನಿಂತುಹೋಗಿದ್ದ ನಮ್ಮ ಬಿಯರ್ ಹಬ್ಬ ಮತ್ತೆ ನಡೆಯುವ ಹಾಗೆ ಕಾಣುತ್ತಿದೆ. ಹಾಗೆ ಕಾಣುತ್ತಿದೆ, ಅಷ್ಟೇ. ಜಾಗ ಇನ್ನೂ ಗೊತ್ತಾಗಿಲ್ಲ, ದಿನಾಂಕವೂ ಇಲ್ಲ. ಆದರೂ ಹಬ್ಬದ ಸ್ಪರ್ಧೆಗೆಂದು ಮನೆಯಲ್ಲಿ ಬಿಯರ್ ಮಾಡುವ ಕೆಲಸವನ್ನು ನಾನು ಶುರು ಮಾಡಿಬಿಟ್ಟಿದ್ದೇನೆ. ದಿನಾಂಕ ಬರಲಿ ಎಂದು ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿ ಹದವಾಗುವ ಬಿಯರ್) ಮಾಡುವವರು ಕೂತರೆ, ಹಬ್ಬದ ಪೆಂಡಾಲ್ ಬಿಚ್ಚುವ ಹೊತ್ತಿಗೆ ಬಿಯರ್ ರೆಡಿಯಾಗುತ್ತದೆ.

ಯಾವ ಬಿಯರ್?

ಇಲ್ಲೇ ಹೆಚ್ಚು ತಲೆ ಓಡಿಸಬೇಕಾಯಿತು. ಗೆಳೆಯರೆಲ್ಲ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಘಮಘಮಿಸುವ ಐಪಿಎ ಎಂಬ ಬಿಯರ್ ಮಾಡು ಎಂದರು. ನನಗೂ ಅದು ಇಷ್ಟವೇ. ಆದರೆ ಆ ಘಮ ಕಾಯುವ ಜಾತಿಯದ್ದಲ್ಲ. ಕೆಗ್‌ನಲ್ಲಿ, ಅಂದರೆ ಮುಚ್ಚಿದ ಲೋಹದ ಪೀಪಾಯಿಯಲ್ಲಿ, ಕೆಲವು ವಾರ ಕಳೆದರೆ ಹಣ್ಣಿನ ವಾಸನೆ ಹಿಂದೆ ಸರಿದು ಬರೀ ಕಹಿ ಉಳಿಯುತ್ತದೆ. ಹಬ್ಬ ಒಂದು ತಿಂಗಳು ಮುಂದೆ ಹೋದರೂ ತಡೆದುಕೊಳ್ಳುವ, ಕಾದಷ್ಟೂ ಹದವಾಗುವ ಬಿಯರ್ ಬೇಕಿತ್ತು.

ಹಾಗಾಗಿ ಮೆರ್ಟ್ಸೆನ್ ಎಂಬ ಜರ್ಮನ್ ಲಾಗರ್. ಇದು ಕಾಯುವುದಕ್ಕೆಂದೇ ಹುಟ್ಟಿದ ಬಿಯರ್. ಜರ್ಮನಿಯ ಬವೇರಿಯಾದಲ್ಲಿ 1553ರ ಆದೇಶದ ಪ್ರಕಾರ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಮಾಡಬಹುದಿತ್ತು. ಬೇಸಿಗೆಯ ಸೆಕೆಯಲ್ಲಿ ಮಾಡಿದ್ದು ಹುಳಿಯಾಗಿ ಕೆಡುತ್ತಿತ್ತು. ಅದಕ್ಕೇ ಮಾರ್ಚ್‌ನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾಡಿ, ತಂಪು ನೆಲಮಾಳಿಗೆಯಲ್ಲಿಟ್ಟು, ಶರತ್ಕಾಲದವರೆಗೂ ಕುಡಿಯುತ್ತಿದ್ದರು. ನನ್ನ ಪರಿಸ್ಥಿತಿಗೆ ಇದಕ್ಕಿಂತ ಹೊಂದುವುದು ಬೇರೆ ಇಲ್ಲ.

ಮ್ಯಾಶ್

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಪುಡಿ ಮಾಡಿ ಬಿಸಿನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆಯಾಗಿಸುವುದೇ ಮ್ಯಾಶ್. ನಾನು ಹಾಕಿದ್ದು ಮ್ಯೂನಿಕ್ ಮಾಲ್ಟ್, ವಿಯೆನ್ನಾ ಮಾಲ್ಟ್, ಉಳಿದದ್ದು ಪಿಲ್ಸ್ನರ್ ಮಾಲ್ಟ್. ಬಣ್ಣಕ್ಕೆಂದು ಕ್ಯಾರಮೆಲ್ ಮಾಲ್ಟ್ ಸೇರಿಸಲಿಲ್ಲ. ಮೆರ್ಟ್ಸೆನ್‌ನಲ್ಲಿ ಬ್ರೆಡ್ಡಿನ ಸುಟ್ಟ ಅಂಚಿನ ರುಚಿ ಬರಬೇಕೇ ಹೊರತು ಸಿಹಿ ಪಾಕದ ರುಚಿಯಲ್ಲ. ಮ್ಯಾಶ್ ಅನ್ನು 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದೆ. ಇನ್ನೂ ನಾಲ್ಕೈದು ಡಿಗ್ರಿ ಮೇಲೆ ಹೋದರೆ ಯೀಸ್ಟ್ ತಿನ್ನಲಾಗದ ಸಕ್ಕರೆಗಳು ಹೆಚ್ಚಾಗಿ ಬಿಯರ್ ದಪ್ಪವಾಗುತ್ತದೆ, ಎರಡನೇ ಗ್ಲಾಸ್ ಬೇಡವೆನಿಸುತ್ತದೆ.

ಒಂದು ಗಂಟೆಯ ನಂತರ ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಮ್ಯಾಶ್‌ನ ತಿಳಿ ಒಂದು ಹನಿ ಹಾಕಿ, ಅದಕ್ಕೆ ಅಯೋಡಿನ್ ತಾಕಿಸಿದೆ. ಪಿಷ್ಟ ಉಳಿದಿದ್ದರೆ ಕಡುನೀಲಿಗೆ ತಿರುಗಬೇಕು. ಅಂಚಿನಲ್ಲಿ ನಸುನೇರಳೆ ಗೆರೆಯೊಂದು ಮೂಡಿತು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಅಯೋಡಿನ್ ತನ್ನ ಕಂದು ಹಳದಿಯಲ್ಲೇ ಉಳಿದಿತ್ತು. ಪಿಷ್ಟವೆಲ್ಲ ಸಕ್ಕರೆಯಾಗಿದೆ ಎಂದು ಕಣ್ಣಾರೆ ನೋಡುವ ಆ ಗಳಿಗೆ ನನಗೆ ಇಡೀ ಕೆಲಸದಲ್ಲೇ ಪ್ರಿಯವಾದದ್ದು.

ಪಿಲ್ಸ್ನರ್ ಮಾಲ್ಟ್ ಇರುವುದರಿಂದ, ಮ್ಯಾಶ್ ಸೋಸಿದ ತಿಳಿಯನ್ನು ಕುದಿಸಿದ್ದು 90 ನಿಮಿಷ, ಮುಚ್ಚಳ ತೆಗೆದು. ಇಲ್ಲದಿದ್ದರೆ ಬೆಂದ ಮೆಕ್ಕೆಜೋಳದ ವಾಸನೆಯ ಡಿಎಂಎಸ್ ಎಂಬ ಗಂಧಕದ ಸಂಯುಕ್ತ ಉಳಿದುಬಿಡುತ್ತದೆ. ಹಾಪ್ಸ್ ಮಿತವಾಗಿ, ಕಹಿ 22 ಐಬಿಯು (ಬಿಯರ್‌ನ ಕಹಿಯ ಅಳತೆ) ಆಸುಪಾಸು. ಮೂಲ ಗ್ರಾವಿಟಿ 1.056. ಗ್ರಾವಿಟಿ ಎಂದರೆ ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಂತೆಲ್ಲ ಇಳಿಯುತ್ತದೆ.

ಫರ್ಮೆಂಟೇಶನ್

ಹುದುಗಲು 10 ಡಿಗ್ರಿಗೆ ತಂಪು ಮಾಡಿ ಯೀಸ್ಟ್ ಹಾಕಿದೆ, ಬೆಚ್ಚಗೆ ಬೇಗ ಹುದುಗುವ ಏಲ್ ಬಿಯರ್‌ಗೆ ಹಾಕುವುದರ ಸುಮಾರು ಎರಡರಷ್ಟು. ತಂಪಿನಲ್ಲಿ ಲಾಗರ್ ಯೀಸ್ಟ್ ನಿಧಾನ, ಸಂಖ್ಯೆಯಲ್ಲಿ ಕಡಿಮೆ ಮಾಡಬಾರದು. ಗ್ರಾವಿಟಿ 1.020ರ ಹತ್ತಿರ ಬಂದಾಗ ಉಷ್ಣತೆಯನ್ನು 16ಕ್ಕೆ ಏರಿಸಿದೆ. ಬೆಣ್ಣೆ ವಾಸನೆ ಕೊಡುವ ಡಯಾಸಿಟಿಲ್ ಅನ್ನು ಯೀಸ್ಟ್ ತಾನೇ ತಿಂದು ಮುಗಿಸಲಿ ಎಂದು.

ಮುಗಿಸಿತೇ ಎಂದು ತಿಳಿಯಲು ಎರಡು ಗ್ಲಾಸ್ ಸ್ಯಾಂಪಲ್ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿಯ ನೀರಿನಲ್ಲಿ ಇಟ್ಟೆ, ಇನ್ನೊಂದು ತಂಪಾಗಿಯೇ ಇತ್ತು. ಅಡಗಿರುವ ಡಯಾಸಿಟಿಲ್ ಇದ್ದರೆ ಬಿಸಿಯಲ್ಲಿ ಹೊರಬೀಳುತ್ತದೆ. ಬಿಸಿಯದ್ದನ್ನು ತಣಿಸಿ ಎರಡನ್ನೂ ಮೂಸಿದರೆ ಒಂದೇ ವಾಸನೆ: ಮಾಲ್ಟ್, ಚೂರು ಗಂಧಕ. ಗಂಧಕ ಲಾಗರಿಂಗ್‌ನಲ್ಲಿ, ಅಂದರೆ ವಾರಗಟ್ಟಲೆ ತಂಪಿನಲ್ಲಿ ಇಡುವಾಗ, ಹೋಗುತ್ತದೆ. ಕೊನೆಯ ಗ್ರಾವಿಟಿ 1.013, ಅಂದರೆ ಆಲ್ಕೋಹಾಲ್ ಸುಮಾರು 5.6 ಶೇಕಡಾ.

ಹಬ್ಬದ ಕಡೆಯ ಸುದ್ದಿ

ಸ್ವಯಂಸೇವಕರ ಸಭೆಗೆ ಹೋಗಿದ್ದೆ. ಒಳ್ಳೆಯ ಬಿಯರ್‌ಗೇನೂ ಕೊರತೆ ಇಲ್ಲ. ಕೊರತೆ ಇರುವುದು ತಂಪಿಗೆ, ಕೈಗಳಿಗೆ, ಮುಂಗಡ ಹಣಕ್ಕೆ. ಕ್ಯಾಸ್ಕ್ ಏಲ್, ಅಂದರೆ ಯೀಸ್ಟ್ ಸಮೇತ ಪೀಪಾಯಿಯಲ್ಲೇ (ಕ್ಯಾಸ್ಕ್) ಹದವಾಗುವ ಏಲ್, ಜೀವಂತ ಬಿಯರ್. ಬಾಗಿಲು ತೆರೆಯುವ ಮುಂಚೆಯೇ ಪೀಪಾಯಿಗಳನ್ನು ಕಟ್ಟೆಗೇರಿಸಿ, ಅಲುಗಾಡಿಸದೆ ತಳ ಕೂರಲು ಬಿಡಬೇಕು. 11ರಿಂದ 13 ಡಿಗ್ರಿಯಲ್ಲಿ ಇಡಬೇಕು. ಒಮ್ಮೆ ನಲ್ಲಿ ಹಾಕಿದರೆ ಗಾಳಿ ಒಳಗೆ ಹೋಗಿ ಮೂರು ದಿನದಲ್ಲಿ ರುಚಿ ಇಳಿಯುತ್ತದೆ. ಫರ್ಕಿನ್ ಎಂಬ ಅಳತೆಯ ಒಂದು ಪೀಪಾಯಿ ಎಂದರೆ ಸುಮಾರು 41 ಲೀಟರ್, 72 ಪೈಂಟ್. ಮಳೆ ಬಂದು ಜನ ಬರದಿದ್ದರೆ, ತೆರೆದ ಪೀಪಾಯಿಯಲ್ಲಿ ಉಳಿದದ್ದೆಲ್ಲ ಚರಂಡಿಗೆ. ಇಂಥ ಹಬ್ಬಗಳು ಒಂದು ಕೆಟ್ಟ ವರ್ಷಕ್ಕೆ ನೆಲ ಕಚ್ಚುವುದು ಹೀಗೆ.

ಮೊದಲಿನಷ್ಟೇ ದೊಡ್ಡದಾಗಿ ಮಾಡಬೇಕು, ಇಲ್ಲವಾದರೆ ಬೇಡ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕ್ಯಾಸ್ಕ್ ಕಡಿಮೆ ಮಾಡಿ, ಕೆಗ್ ಹೆಚ್ಚಿಸಿ, ಒಂದೇ ದಿನ ನಡೆಸಿದರೂ ಅದು ಹಬ್ಬವೇ. ತೆರೆಯದ ಕೆಗ್ ವಾಪಸ್ ಹೋಗಬಹುದು, ನಷ್ಟವಿಲ್ಲ. 1810ರಲ್ಲಿ ಶುರುವಾದ ಮ್ಯೂನಿಕ್‌ನ ಆಕ್ಟೋಬರ್‌ಫೆಸ್ಟ್ ಕೂಡ 1854 ಮತ್ತು 1873ರಲ್ಲಿ ಕಾಲರಾದಿಂದಾಗಿ ನಡೆಯಲಿಲ್ಲ. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ನಿಂತು 2022ರಲ್ಲಿ ಮರಳಿತು. ಅದರ ಬೆನ್ನಿಗೆ ಇಡೀ ನಗರ ಇದೆ, ನಿಜ. ನಮ್ಮ ಬೆನ್ನಿಗಿರುವುದು ಹೆಸರು ಬರೆಸಿದ ಕೆಲವೇ ಜನ. ಅದಕ್ಕೇ ಸಣ್ಣದಾಗಿ ಶುರು ಮಾಡೋಣ ಎನ್ನುತ್ತಿದ್ದೇನೆ. ನೆಲಮಾಳಿಗೆ ಕೆಲಸಕ್ಕೆ, ಅಂದರೆ ಪೀಪಾಯಿ ಹೊರುವ, ತಂಪು ನೋಡುವ ತಂಡಕ್ಕೆ ನನ್ನ ಹೆಸರು ಕೊಟ್ಟೆ.

ಮನೆಯಲ್ಲಿ ಮಾಡಿದವರ ಬಿಯರ್ ಮಾರಾಟಕ್ಕಿಲ್ಲ, ಸ್ಪರ್ಧೆಗೆ ಮಾತ್ರ. ಅಂಕ ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಪದ್ಧತಿಯಲ್ಲಿ: ಒಟ್ಟು 50ರಲ್ಲಿ ವಾಸನೆಗೆ 12, ರುಚಿಗೆ 20, ನೋಟಕ್ಕೆ ಬರೀ 3. ನೋಟಕ್ಕೆ ಇಷ್ಟು ಕಡಿಮೆ ಇಟ್ಟಿರುವುದು ಸರಿಯಾಗಿಯೇ ಇದೆ.

ಈಗ

ಮೆರ್ಟ್ಸೆನ್ ಕಾರ್ಬನ್ ಡೈಆಕ್ಸೈಡ್ ತುಂಬಿದ 19 ಲೀಟರ್ ಕೆಗ್ ಸೇರಿ, 1 ಡಿಗ್ರಿಯಲ್ಲಿ ಕೂತಿದೆ. ಗಾಳಿ ತಾಕದಂತೆ ಪೈಪಿನಿಂದಲೇ ಸಾಗಿಸಿದೆ. ತಿಂಗಳುಗಟ್ಟಲೆ ಇಡುವ ಬಿಯರ್‌ಗೆ ಆಮ್ಲಜನಕ ತಗುಲಿದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಗಂಧಕ ಆಗಲೇ ಕಡಿಮೆಯಾಗಿದೆ, ಬಿಯರ್ ತಿಳಿಯಾಗುತ್ತಿದೆ.

ಗೆಳೆಯರ ಆಸೆಯ ಹಾಪ್ಸ್ ಬಿಯರ್ ಅನ್ನು ಕೈಬಿಟ್ಟಿಲ್ಲ. ಹಾಪ್ಸ್ ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ ಫ್ರೀಜರ್‌ನಲ್ಲಿದೆ, ಮಾಲ್ಟ್ ಪುಡಿ ಮಾಡದೆ ಇಟ್ಟಿದ್ದೇನೆ. ಐಪಿಎಯಂಥ ಪೇಲ್ ಏಲ್‌ಗೆ ನಾಲ್ಕು ವಾರ ಸಾಕು. ಮುಂದಿನ ಸಭೆಯಲ್ಲಿ ಜಾಗದ ತೀರ್ಮಾನ ಆಗಬೇಕು. ದಿನಾಂಕ ಘೋಷಣೆಯಾದರೆ ಅಲ್ಲಿಂದ ನಾಲ್ಕು ವಾರ ಹಿಂದಕ್ಕೆ ಎಣಿಸಿ ಅದರ ಮ್ಯಾಶ್ ಇಡುತ್ತೇನೆ.