ಆಟಿ ಕಳೆದ ಮೇಲೆ ಕೂಗಿದ ಮೆಷಿನ್

ನಮ್ಮ ಕಾಸರಗೋಡಿನ ಕಡೆ ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳಲ್ಲಿ, ನಮ್ಮವರ ಮದುವೆ ನಡೆಯುವುದಿಲ್ಲ. ಆಗಸ್ಟ್ 17ರ ಹೊತ್ತಿಗೆ ಮುಂದಿನ ತಿಂಗಳು ಸೋಣ ಶುರುವಾದ ಕೂಡಲೇ ಮದುವೆ ಹಾಲ್‌ಗಳೆಲ್ಲ ಒಟ್ಟಿಗೆ ಬಾಗಿಲು ತೆರೆಯುತ್ತವೆ. ಆಮೇಲೆ ನನಗೆ ಪುರುಸೊತ್ತಿಲ್ಲ. ನೆಲ ತೊಳೆಯುವ ಮೆಷಿನ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ.

ಕಳೆದ ಸೋಣದಲ್ಲಿ ಬದಿಯಡ್ಕದ ಹತ್ತಿರದ ಒಂದು ಹಾಲ್‌ನಿಂದ ಮಧ್ಯಾಹ್ನ ಫೋನ್ ಬಂತು. ಮರುದಿನ ಬೆಳಿಗ್ಗೆ ಮದುವೆ. ಮೆಷಿನ್ ಓಡುತ್ತದೆ, ಬ್ರಷ್ ತಿರುಗುತ್ತದೆ, ಆದರೆ ನೀರನ್ನು ಎಳೆಯುವುದಿಲ್ಲ, ನೆಲದ ಮೇಲೆಯೇ ಬಿಟ್ಟು ಹೋಗುತ್ತದೆ ಅಂದರು. ಕುಂಬಳೆಯಿಂದ ಸೀತಾಂಗೋಳಿ ದಾರಿಯಾಗಿ ಬೈಕಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಮಳೆ.

ಅಲ್ಲಿ ಹೋದರೆ ಮ್ಯಾನೇಜರ್ ಮೊದಲೇ ತೀರ್ಪು ಕೊಟ್ಟಾಗಿತ್ತು. "ಇವಳು ಹಾಳು ಮಾಡಿದ್ದು" ಅಂತ ಮೆಷಿನ್ ನಡೆಸುವ ಅಕ್ಕನನ್ನು ತೋರಿಸಿದರು. ಅಕ್ಕ ಏನೂ ಮಾತಾಡಲಿಲ್ಲ. ಕೈಯಲ್ಲಿ ಮಾಪ್ ಹಿಡಿದು, ಮೆಷಿನ್ ಬಿಟ್ಟ ನೀರನ್ನು ಒರೆಸುತ್ತಾ ಇದ್ದರು.

ಈ ಮೆಷಿನ್ ನೋಡದವರಿಗೆ ಸ್ವಲ್ಪ ಹೇಳಬೇಕು. ಇದು ಹಿಂದೆ ನಿಂತು ನಡೆಸುವ ಸ್ಕ್ರಬ್ಬರ್. ಒಳಗೆ ಎರಡು ಟ್ಯಾಂಕ್. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದು ಕೊಳೆ ನೀರಿಗೆ. ಒಳ್ಳೆಯ ನೀರು ಬ್ರಷ್ ಮೇಲೆ ಬೀಳುತ್ತದೆ, ಬ್ರಷ್ ಉಜ್ಜುತ್ತದೆ. ಹಿಂದೆ ರಬ್ಬರ್ ವೈಪರ್ ಆ ನೀರನ್ನು ಒಟ್ಟು ಮಾಡುತ್ತದೆ. ವ್ಯಾಕ್ಯೂಮ್ ಮೋಟರ್ ಟ್ಯಾಂಕಿನ ಗಾಳಿ ಎಳೆದಾಗ ನೀರು ಪೈಪಿನಲ್ಲಿ ಹತ್ತಿ ಕೊಳೆ ಟ್ಯಾಂಕಿಗೆ ಬೀಳುತ್ತದೆ. ಗಾಳಿಯ ದಾರಿಯಲ್ಲಿ ಎಲ್ಲಾದರೂ ತೂತಾದರೆ ಅಥವಾ ಕಟ್ಟಿಕೊಂಡರೆ ನೀರು ನೆಲದಲ್ಲೇ ಉಳಿಯುತ್ತದೆ.

ನಾನು ಮೊದಲು ನೆಲ ನೋಡಿದೆ. ಒಂದೇ ಒಂದು ಗೆರೆ ನೀರು ಉಳಿದಿದ್ದರೆ ವೈಪರ್ ರಬ್ಬರಿನ ಅಡಿಯಲ್ಲಿ ಕಸ ಸಿಕ್ಕಿದೆ ಅಥವಾ ರಬ್ಬರ್ ಹರಿದಿದೆ ಅಂತ ಅರ್ಥ. ಇಲ್ಲಿ ಹಾಗಲ್ಲ, ಮೆಷಿನ್‌ನ ಅಗಲಕ್ಕೂ ನೀರು. ವೈಪರ್‌ನಿಂದ ಪೈಪ್ ಬಿಡಿಸಿ ಅದರ ಬಾಯಿಗೆ ಅಂಗೈ ಇಟ್ಟೆ. ಚೆನ್ನಾಗಿ ಎಳೆದರೆ ತೊಂದರೆ ಕೆಳಗೆ ವೈಪರಿನಲ್ಲಿ, ಎಳೆಯದಿದ್ದರೆ ಮೇಲೆ. ಎಳೆಯಲಿಲ್ಲ.

ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದು ಗಾಳಿ ಸೋರುತ್ತಿರಬೇಕು ಅಂದುಕೊಂಡೆ. ಅದು ತುಂಬಾ ಕಡೆ ನೋಡಿದ ತೊಂದರೆ. ರಬ್ಬರ್ ಬಿಚ್ಚಿ ಒರೆಸಿ ಕೂರಿಸಿದೆ. ಕೊಳೆ ನೀರು ಖಾಲಿ ಮಾಡುವ ಪೈಪಿನ ಮುಚ್ಚಳ ನೋಡಿದೆ, ಬಿಗಿಯಾಗಿತ್ತು. ಪೈಪನ್ನು ಉದ್ದಕ್ಕೂ ತಡವಿ ಬಿರುಕು ಹುಡುಕಿದೆ. ಮುಕ್ಕಾಲು ಗಂಟೆ ಹೋಯಿತು.

ಆಗ ಅಕ್ಕ ಮೆಲ್ಲ ಹತ್ತಿರ ಬಂದು ಹೇಳಿದರು: "ಅಣ್ಣ, ಟ್ಯಾಂಕ್ ತುಂಬಿದಾಗ ಒಂದು ಶಬ್ದ ಬರ್ತದಲ್ಲ, ಆ ಶಬ್ದ ಟ್ಯಾಂಕ್ ಖಾಲಿ ಇರುವಾಗಲೇ ಬರ್ತಾ ಉಂಟು. ನಿನ್ನೆ ಆನ್ ಮಾಡಿದಾಗಲೇ ಬಂತು."

ಅದನ್ನು ಕೇಳಿ ನಾನು ಸುಮ್ನೆ ನಿಂತೆ. ಮೊದಲೇ ಕೇಳಬೇಕಿದ್ದ ಮಾತು ಅದು. ಕೊಳೆ ಟ್ಯಾಂಕಿನ ಮೇಲ್ಭಾಗದಲ್ಲಿ ಒಂದು ಸಣ್ಣ ಬಲೆಪೆಟ್ಟಿಗೆ ಇರುತ್ತದೆ, ಅದರೊಳಗೆ ತೇಲುವ ಚೆಂಡು. ಟ್ಯಾಂಕ್ ತುಂಬಿದರೆ ನೀರು ಚೆಂಡನ್ನು ಎತ್ತಿ ಮೋಟರಿಗೆ ಹೋಗುವ ಗಾಳಿದಾರಿ ಮುಚ್ಚುತ್ತದೆ. ಮೋಟರ್ ನೀರು ಕುಡಿಯಬಾರದಲ್ವಾ, ಅದಕ್ಕೆ. ಗಾಳಿ ನಿಂತ ಕೂಡಲೇ ಮೋಟರ್ ಕೀರಲು ದನಿಯಲ್ಲಿ ಕೂಗುತ್ತದೆ. ಅದು ಕಷ್ಟಪಡುವ ಶಬ್ದ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ. ಎಳೆಯಲು ಗಾಳಿ ಇಲ್ಲದೆ ಭಾರ ಕಡಿಮೆಯಾಗಿ ಮೋಟರ್ ಇನ್ನೂ ಜೋರಾಗಿ ತಿರುಗುವ ಶಬ್ದ ಅದು. ಸೋರಿಕೆ ಇದ್ದರೆ ಗಾಳಿ ಧಾರಾಳವಾಗಿ ಬರುತ್ತದೆ, ದನಿ ಏರುವುದಿಲ್ಲ. ಅಂದರೆ ನಾನು ಮುಕ್ಕಾಲು ಗಂಟೆ ಹುಡುಕಿದ ಸೋರಿಕೆ ಅಲ್ಲಿ ಇರಲೇ ಇಲ್ಲ. ದಾರಿ ಕಟ್ಟಿದೆ ಅಂತ ಅಕ್ಕನ ಕಿವಿಗೆ ನಿನ್ನೆಯೇ ಗೊತ್ತಾಗಿತ್ತು.

ಬಲೆಪೆಟ್ಟಿಗೆ ಕಳಚಿದೆ. ಒಣಗಿದ ಕೆಸರು ಅದರ ಸುತ್ತ ಸಿಮೆಂಟಿನ ಹಾಗೆ ಹಿಡಿದಿತ್ತು. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಚಪ್ಪಲಿಯಲ್ಲಿ ಬಂದು ಸೋಪಿನ ನೀರಿನ ಜೊತೆ ಸೇರಿದರೆ ಹೀಗೇ ಆಗುತ್ತದೆ. ಅದರಲ್ಲಿ ಅಕ್ಷತೆ ಕಾಳು, ಮಲ್ಲಿಗೆ ಕಟ್ಟುವ ಬಾಳೆನಾರು, ಕೂದಲು ಎಲ್ಲ ಇತ್ತು. ಚೆಂಡು ಮೇಲೆಯೇ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆವು, ಅಕ್ಕ ಒಂದು ಕಡೆ, ನಾನು ಒಂದು ಕಡೆ.

ಉಜ್ಜುತ್ತಾ ಕೇಳಿದೆ, ಕೊಳೆ ನೀರು ಹಾಗೇ ಉಳಿದದ್ದು ಹೇಗೆ ಅಂತ. ಆಟಿಗೆ ಮುಂಚಿನ ಕೊನೆಯ ಮದುವೆ ದಿನ ರಾತ್ರಿ ಹತ್ತೂವರೆಯವರೆಗೆ ಕೆಲಸವಂತೆ. ಕೊನೆಯ ಬಸ್ಸು ಹೋಗಿತ್ತು, ಮನೆಗೆ ಬಿಡಲು ಜೀಪು ಕಾಯುತ್ತಿತ್ತು. ಟ್ಯಾಂಕ್ ನಾಳೆ ತೊಳೆದರಾಯಿತು, ಈಗ ಹೊರಡಿ ಅಂತ ಹಾಲ್‌ನವರೇ ಹೇಳಿದರು. ಮರುದಿನ ಕಾರ್ಯಕ್ರಮ ಇಲ್ಲ. ದಿನಗೂಲಿಯವರನ್ನು ಯಾರು ಕರೆಯುತ್ತಾರೆ? ಒಂದು ತಿಂಗಳಿಗಿಂತ ಹೆಚ್ಚು ಆ ನೀರು ಅಲ್ಲೇ ಕೂತು ಒಣಗಿತು.

ಇದನ್ನು ಮ್ಯಾನೇಜರ್‌ಗೆ ಎದುರೇ ಹೇಳಿದೆ. ಇಲ್ಲಿ ಮೆಷಿನ್ ಮುರಿದಿಲ್ಲ, ಯಾರೂ ಹಾಳು ಮಾಡಿಲ್ಲ. ಕೆಲಸ ಮುಗಿದ ಮೇಲಿನ ಅರ್ಧ ಗಂಟೆಗೆ ಕೂಲಿ ಕೊಡುವ ಲೆಕ್ಕ ನಿಮ್ಮಲ್ಲಿ ಇಲ್ಲ, ಅದೇ ತೊಂದರೆ. ಕೊಳೆ ಟ್ಯಾಂಕ್ ಖಾಲಿ ಮಾಡಿ ತೊಳೆಯುವುದು, ಬಲೆ ಮತ್ತು ಚೆಂಡು ಉಜ್ಜುವುದು, ವೈಪರ್ ಒರೆಸಿ ನೆಲದಿಂದ ಎತ್ತಿಡುವುದು, ಒಣಗಲಿ ಅಂತ ಮುಚ್ಚಳ ತೆರೆದಿಡುವುದು. ಇದೂ ಕೆಲಸವೇ. ನಾನು ನೋಡಿದ ಮೆಷಿನ್‌ಗಳಲ್ಲಿ ಓಡಿ ಹಾಳಾದದ್ದಕ್ಕಿಂತ ತೊಳೆಯದೆ ನಿಲ್ಲಿಸಿ ಹಾಳಾದದ್ದೇ ಜಾಸ್ತಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ, ಕೊಡುವ" ಅಂದರು.

ಮೆಷಿನ್ ಓಡುವುದು ಬ್ಯಾಟರಿಯಲ್ಲಿ. ಅದನ್ನು ನೋಡಿದಾಗ ಬೇಸರವಾಯಿತು. 12 ವೋಲ್ಟಿನ ಎರಡು ಸೇರಿ 24 ವೋಲ್ಟ್, ನೀರು ಹಾಕುವ ಮುಚ್ಚಳ ಒಟ್ಟು 12. ಒಂದೊಂದೇ ತೆರೆದು ನೋಡಿದರೆ ನಾಲ್ಕರಲ್ಲಿ ಪ್ಲೇಟ್ ನೀರಿನಿಂದ ಮೇಲೆ ಕಾಣುತ್ತಿತ್ತು. ಸೀಸದ ಬ್ಯಾಟರಿಯನ್ನು ಚಾರ್ಜ್ ಇಲ್ಲದೆ ವಾರಗಟ್ಟಲೆ ಇಟ್ಟರೆ ಪ್ಲೇಟ್ ಮೇಲೆ ಬಿಳಿ ಹರಳು ಗಟ್ಟಿಯಾಗುತ್ತದೆ, ಶಕ್ತಿ ಕಡಿಮೆಯಾಗುತ್ತದೆ. ಅಕ್ಕ ಹಿಂದಿನ ದಿನವೇ ಚಾರ್ಜ್‌ಗೆ ಹಾಕಿದ್ದರು, ಅದಕ್ಕೇ ಅಷ್ಟಾದರೂ ಓಡಿತ್ತು. ಹತ್ತಿರದ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತರಿಸಿ, ಪ್ಲೇಟ್ ಮುಳುಗುವಷ್ಟು ಮಾತ್ರ ಹಾಕಿದೆ. ಚಾರ್ಜ್ ಆಗುವಾಗ ಒಳಗಿನ ನೀರು ಹಿಗ್ಗುತ್ತದೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಪೂರ್ತಿ ಹಾಕುವುದು ಚಾರ್ಜ್ ಮುಗಿದ ಮೇಲೆ. ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಬ್ಯಾಟರಿಗೆ ಬೇಡ. ಚಾರ್ಜ್ ಹಾಕುವ ಕೋಣೆಯ ಕಿಟಕಿ ತೆರೆದಿರಬೇಕು, ಅಲ್ಲಿ ಬೀಡಿ, ಬೆಂಕಿ ಏನೂ ಬೇಡ, ಆಗ ಬರುವ ಹೈಡ್ರೋಜನ್‌ಗೆ ಕಿಡಿ ಸಾಕು. ಇಷ್ಟೂ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇತ್ತು, ಇಂಗ್ಲಿಷಿನಲ್ಲಿ. ಅದು ಮ್ಯಾನೇಜರ್ ಕಪಾಟಿನಲ್ಲಿ ಪ್ಲಾಸ್ಟಿಕ್ ಸಮೇತ ಇತ್ತು. ನಡೆಸುವವರ ಕೈಗೆ ಬರಲೇ ಇಲ್ಲ. ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದೆ. ಮಲಯಾಳದಲ್ಲಿ ಅಲ್ಲಿನ ವಾಚ್‌ಮನ್ ಬರೆದುಕೊಟ್ಟರು. ಚಾರ್ಜರ್ ಮೇಲೆ ಅಂಟಿಸಿದೆವು.

ಸಂಜೆ ಏಳಕ್ಕೆ ಅಕ್ಕ ಮೆಷಿನ್ ಓಡಿಸಿದರು. ಹಿಂದೆ ನೆಲ ಒಣಗಿ ಬರುತ್ತಿತ್ತು. ಬ್ಯಾಟರಿ ಪೂರ್ತಿ ಹಾಲ್‌ಗೆ ಸಾಕಾಗುವುದಿಲ್ಲ ಅಂತ ಗೊತ್ತಿತ್ತು, ಅರ್ಧ ಆ ರಾತ್ರಿ, ಇನ್ನರ್ಧ ಬೆಳಿಗ್ಗೆ ಚಾರ್ಜ್ ಆದ ಮೇಲೆ ಅಂತ ಮಾತಾಯಿತು.

ಎರಡು ತಿಂಗಳು ಕಳೆದು ಒಂದು ರಾತ್ರಿ ಅಕ್ಕನ ಫೋನ್ ಬಂತು. "ಅಣ್ಣ, ಪುನಃ ನೀರು ಬಿಡ್ತಾ ಉಂಟು. ಶಬ್ದ ಕೇಳಿ" ಅಂತ ಫೋನನ್ನು ಮೋಟರ್ ಹತ್ತಿರ ಹಿಡಿದರು. ದನಿ ಏರಿರಲಿಲ್ಲ. "ಇದು ಕಟ್ಟಿದ್ದಲ್ಲ ಅಕ್ಕ, ಸೋರುವುದು. ಖಾಲಿ ಮಾಡುವ ಪೈಪಿನ ಮುಚ್ಚಳ ನೋಡಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರ ದನಿ ಬಂತು: "ಹೌದು ಅಣ್ಣ, ನಿನ್ನೆ ತೊಳೆದು ಸರಿ ಬಿಗಿ ಮಾಡಿರಲಿಲ್ಲ. ಈಗ ಎಳೀತಾ ಉಂಟು."