ಮೇ ತಿಂಗಳ ಅಳಿವೆಯಲ್ಲಿ ಉಳಿದುಕೊಂಡವರು

ಕುಮಟಾ ಸುತ್ತಮುತ್ತ ಹಕ್ಕಿ ನೋಡಲು ಬರುವವರಲ್ಲಿ ಹೆಚ್ಚಿನವರು ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ಅಘನಾಶಿನಿಯ ಅಳಿವೆಗೆ ಹೊರಟವರನ್ನು, ವಲಸೆ ಹಕ್ಕಿಗಳೆಲ್ಲ ಹೋದ ಮೇಲೆ ಅಲ್ಲೇನು ಉಳಿದಿದೆ ಎಂದು ಕೇಳುತ್ತಾರೆ. ದೊಡ್ಡ ಹಿಂಡುಗಳು ಕರಗಿರುವುದು ನಿಜ. ಆದರೆ ಒಂದೊಂದೇ ಹಕ್ಕಿಯನ್ನು ಬಿಡುವಾಗಿ ನೋಡಿ ಗುರುತು ಕಲಿಯಬೇಕೆನ್ನುವವರಿಗೆ ಮಳೆಗಾಲಕ್ಕೆ ಮುಂಚಿನ ಈ ವಾರಗಳೇ ಹೆಚ್ಚು ಅನುಕೂಲವೆಂಬುದು ನನ್ನ ಅಭಿಪ್ರಾಯ.

ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿ ಗಡಿಯಾರಕ್ಕಿಂತ ಭರತ–ಇಳಿತದ ಲೆಕ್ಕ ಮುಖ್ಯ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ನೀರು ಇಳಿದು ಕೆಸರು ತೆರೆದುಕೊಳ್ಳುವ ಸಮಯವು ಬೆಳಗಿನ ತಂಪಿಗೆ ಕೂಡಿಬರುವ ದಿನವನ್ನು ನೋಡಿಕೊಂಡೇ ಹೊರಡಬೇಕು. ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಇಳಿದವರಿಂದ ತುಸು ದೂರದಲ್ಲಿ, ಹಿಂದೆ ಸರಿಯುವ ನೀರಿನ ಅಂಚನ್ನೇ ಹಿಡಿದು ಹಕ್ಕಿಗಳು ಮೇಯುತ್ತಿರುತ್ತವೆ.

ಈ ಕಾಲದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಊರಿಗೆ ಮರಳದ ವಲಸಿಗರು. ವಿಂಬ್ರೆಲ್, ಸ್ಯಾಂಡ್ ಪ್ಲೋವರ್‌ನಂಥ ಹಕ್ಕಿಗಳ ಮರಿಗಳಲ್ಲಿ ಅನೇಕವು ಮೊದಲ ವರ್ಷ ಸಂತಾನಕ್ಕೆ ಸಿದ್ಧವಾಗಿರುವುದಿಲ್ಲ. ಗೂಡು ಕಟ್ಟುವ ಕೆಲಸವೇ ಇಲ್ಲದಿರುವಾಗ ಸಾವಿರಾರು ಕಿಲೋಮೀಟರ್ ಹಾರುವ ಶ್ರಮ ಮತ್ತು ಅಪಾಯಗಳಿಂದ ಅವಕ್ಕೆ ಲಾಭವಿಲ್ಲ. ಆದ್ದರಿಂದ ಅವು ಇಲ್ಲೇ ಏಡಿ ಹಿಡಿಯುತ್ತ ಬೇಸಿಗೆ ಕಳೆಯುತ್ತವೆ. ಏಪ್ರಿಲ್‌ನಲ್ಲಿ ಹೊರಟುನಿಂತ ಸ್ಯಾಂಡ್ ಪ್ಲೋವರ್‌ಗಳ ಎದೆಗೆ ಇಟ್ಟಿಗೆ ಬಣ್ಣ ಏರಿರುತ್ತದೆ. ಮೇ ಕೊನೆಯಲ್ಲೂ ಮಾಸಲು ಕಂದಾಗಿಯೇ ಇಲ್ಲಿ ಓಡಾಡುತ್ತಿರುವುದು ಬಹುಮಟ್ಟಿಗೆ ಮೊದಲ ವರ್ಷದ ಹಕ್ಕಿ. ಬಣ್ಣವನ್ನು ನೋಡಿ ವಯಸ್ಸನ್ನು ಊಹಿಸುವ ಈ ಅಭ್ಯಾಸಕ್ಕೆ ಜನವರಿಯ ಕಿಕ್ಕಿರಿದ ಹಿಂಡಿನಲ್ಲಿ ಅವಕಾಶ ಕಡಿಮೆ, ಏಕೆಂದರೆ ಆಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿರುತ್ತವೆ. ವಿಂಬ್ರೆಲ್ ಮತ್ತು ಕರ್ಲ್ಯೂಗಳ ನಡುವೆ ಗೊಂದಲವಾದರೆ ನೆತ್ತಿಯನ್ನು ನೋಡಬೇಕು: ವಿಂಬ್ರೆಲ್‌ನ ನೆತ್ತಿಯ ಮೇಲೆ ಗಾಢವಾದ ಪಟ್ಟೆಗಳಿರುತ್ತವೆ, ಅದರ ಬಾಗಿದ ಕೊಕ್ಕೂ ಕರ್ಲ್ಯೂವಿನದಕ್ಕಿಂತ ಗಿಡ್ಡ.

ಇಲ್ಲಿಯೇ ನೆಲೆಸಿರುವ ಹಕ್ಕಿಗಳು ಇದೇ ಹೊತ್ತಿಗೆ ವೇಷ ಬದಲಿಸುತ್ತವೆ. ವರ್ಷದ ಬಹುಕಾಲ ಮಣ್ಣಿನ ಬಣ್ಣದಲ್ಲಿ ಅಡಗಿರುವ ಕೊಳಬಕದ ಬೆನ್ನು ಮಳೆಗೆ ಮೊದಲೇ ಕಡುಗೆಂಪಾಗುತ್ತದೆ. ಆ ವರ್ಷದ ಗರುಡನ ಮರಿಗಳು ಕಂದು ಮೈಯಲ್ಲಿ ದೋಣಿ ನಿಲ್ಲುವ ದಕ್ಕೆಯ ಮೇಲೆ ಸುತ್ತುವಾಗ ಹೊಸಬರು ಅವನ್ನು ಸಾಮಾನ್ಯ ಹದ್ದೆಂದೇ ಬರೆದುಕೊಳ್ಳುವುದುಂಟು. ಬಾಲದ ತುದಿ ಕವಲೊಡೆಯದೆ ದುಂಡಗಿದ್ದರೆ ಅದು ಗರುಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ತದಡಿಯ ದಕ್ಕೆಯಲ್ಲಿ ಮೀನಿನ ಚೂರುಗಳಿಗೆ ಮುಗಿಬೀಳುವ ಹಕ್ಕಿಗಳ ಗದ್ದಲವೂ ಇಳಿಯುತ್ತದೆ, ಮಳೆಯಲ್ಲಿ ದುರ್ಬೀನು ಹೊರತೆಗೆಯುವುದೂ ಕಷ್ಟ. ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಮತ್ತೆ ಹೋಗಬಹುದು. ಮೊದಲು ಮರಳುವುದು ಎದೆಯ ಕೆಂಪು ಇನ್ನೂ ಪೂರ್ತಿ ಅಳಿಯದ ಪ್ರಾಯದ ಹಕ್ಕಿಗಳು. ಆ ವರ್ಷ ಹುಟ್ಟಿದ ಮರಿಗಳು ಅವುಗಳ ಹಿಂದೆ, ಕೆಲವು ವಾರ ತಡವಾಗಿ, ಹಿರಿಯರ ಜೊತೆಯಿಲ್ಲದೆಯೇ ಬಂದಿಳಿಯುತ್ತವೆ.